ಆಗಿಬರದ್ದು

ಮೊರಬದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ಅವನು ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಅವಳು ಅದನ್ನೇ ನೋಡುತ್ತಿದ್ದಳು.

“ಮತ್ತ ಬಂದ್ನೇನ್ರಿ ಆ ಮೂರು ಕೋಡಿನ ರಾಕ್ಷಸ? ನಿನ್ನೆನ ಕೊಂದಿದ್ರಲ್ಲ?”

“ಎಷ್ಟು ಸಲ ಕೊಂದ್ರೂ ಬರ್ತಾನ, ದಾನೇಶ್ವರಿ. ಕತ್ತಿ, ಬಂದೂಕು ಯಾವುದಕ್ಕೂ ಬಗ್ಗಂಗಿಲ್ಲ. ಆದ್ರ ಗಂಟಿ ಸಪ್ಪಳ ಆಗಿಬರಂಗಿಲ್ಲ. ಕನ್ನಡಿ ತೋರಿಸಿದ್ರ ಮಾರಿ ಮುಚ್ಕೊಂತಾನ. ವಟಗುಟ್ಟೋ ಕಪ್ಪಿ ಕಂಡ್ರಂತೂ ಓಡೇ ಬಿಡ್ತಾನ.”

“ಇಷ್ಟೆಲ್ಲಾ ಯಾರು ಹೇಳಿದ್ರು?”

“ಯಾರ್ ಹೇಳ್ತಾರ? ಎರಡು ತಿಂಗಳು ನೋಡಿ ನೋಡಿ ನಾನ ಕಂಡುಹಿಡದೆ.”

“ನಾ ನಿಮ್ಮ ಮನಿಗೆ ಬಂದು ನಾಲ್ಕು ವರ್ಷ ಆತು. ನನಗ ಏನು ಆಗಿಬರಂಗಿಲ್ಲ, ಹೇಳ್ರಿ.”

ಅವನ ಹೆಬ್ಬೆರಳು ನಿಂತಿತು.

“ಬದನಿಕಾಯಿ.”

“ಅದು ನಿಮ್ಮವ್ವಗ.”

“ಮೊಸರು?”

“ದಿನಾ ಉಣ್ತೀನಿ, ನಿಮ್ಮ ಬಾಜೂಕ ಕುಂತು. ಪುಣ್ಯವಂತ ನೋಡ್ರಿ ನಿಮ್ಮ ರಾಕ್ಷಸ.”

ನವಲಗುಂದದ ಬಸ್ ಬಂತು. ಅವನು ಓಡಿಹೋಗಿ, ಕಿಟಕಿಯಿಂದ ಟವೆಲ್ ಎಸೆದು ಕಟ್ಟಕಡೆಯ ಸಾಲಿನಲ್ಲಿ ಜಾಗ ಹಿಡಿದ.

“ಬಾ ಲಗೂನ, ಸೀಟ್ ಸಿಕ್ತು!”

“ಹಿಂದ ಕುಂತ್ರ ನನಗ ವಾಂತಿ ಬರ್ತೈತಿ,” ಎಂದಳು ಅವಳು, ಅವನಿಗೆ ಕೇಳದಷ್ಟು ಮೆಲ್ಲಗೆ. ಚೀಲದಿಂದ ಲಿಂಬೆಹಣ್ಣು ತೆಗೆದು ಮೂಗಿಗೆ ಹಿಡಿದುಕೊಂಡು ಬಸ್ ಹತ್ತಿದಳು.