ಸೋರೆಲ್ ಕೋವ್‌ನ ರುಜು

...ಅಲ್ಲಕ್ಕಾ, ಅಷ್ಟು ಮಕ್ಕಳ ಮುಂದೆ ಹಾಗೆ ಎದ್ದು ಬರೋದಾ? ಆ ಟೀಚರಮ್ಮ ಪಾಪ, 'ಮಿಸ್ಟರ್ ಟ್ಯಾಕೆಟ್, ನಿಮ್ಮ ಅಕ್ಕನಿಗೆ ಹುಷಾರಿಲ್ವಾ?' ಅಂತ ಮೂರು ಸಲ ಕೇಳಿದ್ಲು. ಸೆಖೆ ಅಂದೆ. ಏನನ್ಲಿ ಮತ್ತೆ! ಬಾ, ಟ್ರಕ್ ಹತ್ತು... ಹತ್ತಲ್ವಾ? ಸರಿ, ನಾನೂ ಇಲ್ಲೇ ನಿಲ್ತೀನಿ.

ಅಲ್ಲಿ ನಿಂತು ಮಾತಾಡೋ ಚಪಲ ನಂಗೆ ಅಂದ್ಕೊಂಡ್ಯಾ? ಸ್ಕೂಲಿನವರೇ ಕರೆದದ್ದು. ನಾಲ್ಕನೇ ಕ್ಲಾಸಿಗೆ ಟೆನೆಸಿ ಪಾಠವಂತೆ. ನಮ್ಮ ರಾಜ್ಯದ ಹಕ್ಕಿ ಯಾವುದು, ಮರ ಯಾವುದು, ಪೂರ್ವಕ್ಕೆ ಬೆಟ್ಟ, ಪಶ್ಚಿಮಕ್ಕೆ ಮಿಸಿಸಿಪಿ... ಗಿಳಿಪಾಠ! ನೀರಲ್ಲಿ ಮುಳುಗಿದ ನಮ್ಮೂರು ಸೋರೆಲ್ ಕೋವ್‌ಗೆ ಆ ಪುಸ್ತಕದಲ್ಲಿ ಎಷ್ಟು ಜಾಗ ಗೊತ್ತಾ? ಅರ್ಧ ಸಾಲು. 'ಕಣಿವೆಯ ಕೆಲವು ಕುಟುಂಬಗಳು ಬೇರೆಡೆಗೆ ಹೋದವು.' ಹೋದವಂತೆ! ಸಂತೆಗೆ ಹೋದ ಹಾಗೆ! ಪಕ್ಕದ ಪುಟ ಪೂರ್ತಿ ಸರೋವರ, ದೋಣಿ, ಮೀನು ಎತ್ತಿ ಹಿಡಿದು ಹಲ್ಲು ಕಿರಿಯೋನೊಬ್ಬ. ಆ ಕೆಂಪು ಕೂದಲಿನ ಹುಡುಗಿ ಕೇಳಿದ್ಲಲ್ಲ, 'ನಿಮ್ಮ ಅಡುಗೆಮನೆಯೊಳಗೆ ಈಗ ಮೀನು ಓಡಾಡ್ತಾವಾ?' ಅಂತ... ನಗು ಬರ್ಲಿಲ್ವಾ ನಿಂಗೆ? ನಂಗೂ ಬರ್ಲಿಲ್ಲ.

ನಾನು ಹೇಳಿದ್ರಲ್ಲಿ ಸುಳ್ಳೇನಿತ್ತು? ಅಣೆಕಟ್ಟಿನವರು ಬಂದ್ರು, ಯುದ್ಧಕ್ಕೆ ಕರೆಂಟು ಬೇಕು ಅಂದ್ರು, ಮನೆ-ಜಮೀನು ಬಿಟ್ಟುಕೊಡೋ ಕಾಗದಕ್ಕೆ ಎಲ್ಲರೂ ರುಜು ಹಾಕಿದ್ರು, ನಮ್ಮವ್ವನೂ ಹಾಕಿದ್ಲು. ಇಷ್ಟೇ ತಾನೇ... ಹಾಗ್ಯಾಕೆ ನೋಡ್ತೀಯ?

ಓ, ನಿನ್ನ ಕೂಸಿನ ಗೋರಿ. ಮರೆತಿಲ್ಲಕ್ಕಾ. ಹೆಸರು ಕೆತ್ತಿದ ಕಲ್ಲಿಲ್ಲ ಅಂತ ನೀರು ಬರೋ ಮುಂಚೆ ಮೇಲಕ್ಕೆ ಸಾಗಿಸೋ ಗೋರಿಗಳ ಪಟ್ಟಿಗೇ ಅದು ಬೀಳಲಿಲ್ಲ. 'ಕೂಸನ್ನ ಮೇಲಕ್ಕೆ ತರೋವರೆಗೂ ಅವರ ಕಾಗದ ಮುಟ್ಟಲ್ಲ' ಅಂತ ಅವ್ವ ನಿನ್ನ ಕೈ ಹಿಡ್ಕೊಂಡು ಆಣೆ ಇಟ್ಟಿದ್ಲು. ಆಮೇಲೆ ಮನಸ್ಸು ಬದಲಾಯಿಸಿದ್ಲು. ವಯಸ್ಸಾಗಿತ್ತು... ಹೆದರಿದ್ಲು. ಅವತ್ತೇ ಹೇಳಿದ್ನಲ್ಲ ನಿಂಗೆ! ಅವಳ ಮುಖ ನೋಡಲ್ಲ ಅಂತ ನೀನು ಗಂಡನ ಊರಿಗೆ ಹೊರಟುಹೋದೆ. ಸತ್ತಾಗ್ಲೂ ಬರ್ಲಿಲ್ಲ. ನಾನೇನು ಬರಬೇಡ ಅಂದ್ನಾ?

ಏನದು ಕೈಯಲ್ಲಿ? ...ಟೀಚರಮ್ಮ ಮಕ್ಕಳಿಗೆ ಹಂಚಿದ್ದಾ? ಅದನ್ನ ಯಾಕೆ ತಂದೆ! ಯಾವುದೋ ಕಚೇರಿಯಿಂದ ಆ ಜಮೀನು ಕಾಗದದ ನಕಲು ತರಿಸಿದ್ದಾಳೆ, ಇತಿಹಾಸ ಅಂದ್ರೆ ಹೀಗಿರುತ್ತೆ ಅಂತ ತೋರಿಸೋಕೆ. ಇಲ್ಲಿ ಕೊಡು. ಕೊಡಕ್ಕಾ... ಬೆರಳು ಯಾಕೆ ಅಲ್ಲೇ ಇಟ್ಕೊಂಡಿದ್ದೀಯ? 'ಮಹೇಲಾ ಟ್ಯಾಕೆಟ್.' ಹೂಂ, ಅವ್ವನ ಹೆಸರೇ. ಅಕ್ಷರ ದುಂಡಗಿದೆ, ಹೌದು. ಯಾರಾದ್ರೂ ಕಲಿಸಿರ್ಬಹುದು... ಪಾದ್ರಿಯ ಹೆಂಡ್ತಿ ಕಲಿಸಿರ್ಬಹುದು...

ಏನಾದ್ರೂ ಅನ್ನಕ್ಕಾ! ಬಯ್ಯಿ!

ಗೊತ್ತು. ಅವ್ವನಿಗೆ ಓದು ಬರಹ ಬರ್ತಿರ್ಲಿಲ್ಲ. ಎಲ್ಲಿ ಕೇಳಿದ್ರೂ ಎರಡು ಗೀಟು ಕತ್ತರಿ ಹಾಕಿದ ಹಾಗೆ ಎಳೀತಿದ್ಲು, ಅಷ್ಟೇ.

ನಂಗೆ ಆಗ ಇಪ್ಪತ್ತೆರಡು ವಯಸ್ಸು. ಅವ್ವನ ರುಜು ತಂದ್ರೆ ಅಣೆಕಟ್ಟಿನಲ್ಲಿ ಕಾಯಂ ಕೆಲಸ ಅಂತ ಒಬ್ಬ ಗುಮಾಸ್ತ ಆಸೆ ತೋರಿಸಿದ. ನೀರಂತೂ ಹೇಗಿದ್ರೂ ಬರುತ್ತಲ್ಲ, ಅವ್ವ ಒಬ್ಬಳು ತಡೆದ್ರೆ ನಿಲ್ಲುತ್ತಾ ಅಂದ್ಕೊಂಡು ಅವಳ ಹೆಸರು ನಾನೇ ಬರೆದೆ. ಮನೆ ಖಾಲಿ ಮಾಡಿಸೋಕೆ ಬಂದ ದಿನ ಅವ್ವನಿಗೆ ತಿಳೀತು. ನನ್ನನ್ನೇ ಒಂದು ಸಲ ನೋಡಿದ್ಲು, ಒಲೆ ಆರಿಸಿದ್ಲು, ಹೊರಟ್ಲು. ಯಾರ ಹತ್ರಾನೂ ನನ್ನ ಹೆಸರು ಎತ್ತಲಿಲ್ಲಕ್ಕಾ. ಆಣೆ ಮುರಿದ್ಲು ಅಂತ ಊರೆಲ್ಲ ಅವಳನ್ನೇ ಬಯ್ತು, ನೀನೂ ಬೈದೆ, ಬೈಸ್ಕೊಂಡ್ಲು.

ಇರು... ಹೋಗ್ಬೇಡ. ಇನ್ನೊಂದಿದೆ.

ಕೊನೇಲಿ ಹಾಸಿಗೆ ಹಿಡಿದಾಗ ಅವ್ವ, 'ನಿನ್ನಕ್ಕ ಆರ್ಫಾಗೆ ಬಾ ಅಂತ ಒಂದು ಕಾಗದ ಬರಿ' ಅಂದ್ಲು. ಬರೆದು ಹಾಕಿದೀನಿ ಅಂದೆ. ಹನ್ನೊಂದು ದಿನ ಬಾಗಿಲ ಕಡೇನೇ ಮುಖ ಮಾಡಿ ಮಲಗಿದ್ಲು.

ಬರೆದಿರ್ಲಿಲ್ಲಕ್ಕಾ. ನೀನು ಬಂದು ಪಕ್ಕದಲ್ಲಿ ಕೂತ್ರೆ... ಅವಳು ಹೇಳಿಬಿಡ್ತಾಳೆ ಅಂತ.