ಮನೇಲಿ ಹೇಳ್ಬೇಡಿ ಅಂದವನು

ಕಣ್ಣಿನ ಡಾಕ್ಟರ ಕೋಣೆಯ ಹೊರಗೆ ಒಬ್ಬ ಟೈಲರ್ ಕೂತಿದ್ದ. ಪಕ್ಕದಲ್ಲಿ ಕೂತಿದ್ದ ಅತ್ತೆ-ಸೊಸೆಯ ಮಾತಿಗೆ, ಬೇಡವೆಂದರೂ ಅವನ ಕಿವಿ ವಾಲಿತು.

“ನಿನ್ನ ಕಂಪ್ಯೂಟರ್‌ಗೆ ವೈರಸ್ ಬಂದಿದೆಯಂತೆ ಕಣೇ. ಕಂಪನಿಯವನೇ ಫೋನ್ ಮಾಡಿದ್ದ.”

“ಯಾವಾಗ ಅತ್ತೆ?”

“ನಿನ್ನೆ. ಪಾಪ, ಎಷ್ಟು ತಾಳ್ಮೆ! ಯಾವ ಬಟನ್ ಒತ್ಬೇಕು ಅಂತ ಒಂದೊಂದೇ ಹೇಳ್ತೀನಿ, ಮನೇಲಿ ಯಾರಿಗೂ ಹೇಳ್ಬೇಡಿ ಅಂದ.”

“ಆಮೇಲೆ?”

“ನನ್ನ ಬಾಯಲ್ಲಿ ಗುಟ್ಟು ನಿಲ್ಲಲ್ಲಪ್ಪ, ಸೊಸೆಗಂತೂ ಹೇಳ್ತೀನಿ ಅಂದೆ. ಪಟ್ಟಂತ ಫೋನ್ ಇಟ್ಟ.”

“ಆ ಬಾಯೇ ನಮ್ಮನ್ನ ಉಳಿಸ್ತು! ಅವನು ಕಳ್ಳ ಅತ್ತೆ. ಪ್ರಿಂಟರ್ ಕೆಟ್ಟಾಗ ನಾನು ಅರ್ಧ ದಿನ ಫೋನ್ ಹಿಡ್ಕೊಂಡು ಕೂತ್ರೂ ಕಂಪನಿಯವ್ರು ಎತ್ತಲಿಲ್ಲ. ಅಂಥವ್ರು ತಾವಾಗೇ ಫೋನ್ ಮಾಡ್ತಾರಾ?”

“ಎಂಥಾ ಪೆದ್ದಿ ನಾನು.”

“ಪೆದ್ದಿ ಯಾಕೆ? ನಯವಾಗಿ ಮಾತಾಡಿದ್ರೆ ಯಾರಾದ್ರೂ ಕರಗ್ತಾರೆ. ಹೇಳ್ಬೇಡಿ ಅಂದ್ರೆ ಸಾಕು, ಮೊದ್ಲು ನನಗೇ ಹೇಳಿ.”

ನರ್ಸ್ ಕರೆದಳು. ಸೊಸೆ ಅತ್ತೆಯ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಟೈಲರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬೆಳಗ್ಗೆ ಅಷ್ಟೇ ತಾಳ್ಮೆಯಿಂದ ಮಾತಾಡಿ, ಮತ್ತೆ ಮಾಡುತ್ತೇನೆಂದಿದ್ದ ‘ಕಂಪನಿಯವನು’. ಟೈಲರ್ ಅದನ್ನು ಕಟ್ ಮಾಡಿ ಹೆಂಡತಿಯ ನಂಬರ್ ಒತ್ತಿದ.

“ಲೇ, ನಿನಗೆ ಹೇಳ್ಬೇಡಿ ಅಂದಿದ್ದಾನೆ. ಅದಕ್ಕೇ ಹೇಳ್ತಿದೀನಿ, ಕೇಳು.”