ಹಿಮದ ಮೇಲೆ ಸೆಕೆ

ಚಳಿಗಾಲದ ಬೆಳಗು. ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ನರ್ಸ್ ಕಾವೇರಿ ಕಮಲಾಪುರದ ಬಸ್ಸಿನಲ್ಲಿ ತೂಕಡಿಸುತ್ತಿದ್ದಳು. ಮುಂದಿನ ಸೀಟಿನ ಮಾತು ಕಿವಿಗೆ ಬಿದ್ದು ನಿದ್ದೆ ಹಾರಿಹೋಯಿತು. ಅಲ್ಲೊಬ್ಬ ತಾಯಿ, ಪಕ್ಕದಲ್ಲಿ ಅವಳ ತೀರಿಹೋದ ಮಗನ ಗೆಳೆಯ. ತಾಯಿಯ ಮಡಿಲಲ್ಲಿ ಬೈಕ್ ಸವಾರರು ತೊಡುವ ದಪ್ಪ ಜಾಕೀಟು.

“ಕುನಾಲ, ಖರೇ ಹೇಳು. ಲಡಾಖಿನ ಘಾಟಿನಾಗ ಗಾಡಿ ಹಿಮದಾಗ ಸಿಕ್ಕೊಂಡಾಗ ನನ್ನ ಮಗ ಪ್ರೇಮ ಭಾಳ ನಡುಗಿದನೇನು?”

“ಮೊದಲ ನಡುಗಿದ್ನರೀ ಕಾಕು. ಆಮ್ಯಾಲ ನಿಂತು ಹೋತು.”

“ಮತ್ತ ಈ ಜಾಕೀಟು ಯಾಕ ಬಿಚ್ಚಿದ್ದ?”

“ಸೆಕಿ ಆಗಾಕತ್ತದ ಅಂದ. ನಾ ಹಾಕಿದಂಗ ಹಾಕಿದಂಗ ಬಿಚ್ಚಿ ಒಗದ.”

“ಅಷ್ಟು ಹಿಮದಾಗ ಸೆಕಿ?”

“ಹೂಂರೀ. ನಮ್ಮ ಕಲಬುರಗಿ ಬ್ಯಾಸಿಗಿ ಇಲ್ಲಿಗೂ ಬಂತಲೇ ಅಂತ ನಕ್ಕ.”

ಕಾವೇರಿ ಸೀಟಿನಲ್ಲಿ ಮುಂದಕ್ಕೆ ಬಾಗಿದಳು. ಥಂಡಿಗೆ ಸಾಯುವವರಿಗೆ ಕೊನೆಯ ಗಳಿಗೆಯಲ್ಲಿ ಮೈ ಉರಿದಂತಾಗುತ್ತದೆಂದು ಅವಳು ಓದಿದ್ದಳು. ಆಗಲೇ ಹಿಂದಕ್ಕೆ ತಿರುಗಿದ ಕುನಾಲ ಅವಳ ಬಿಳಿ ಉಡುಪು ನೋಡಿ, ಹೇಳಬೇಡಿ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ.

“ಹಂಗಾರ ನನ್ನ ಮಗಗ ಥಂಡಿ ಹತ್ತಿಲ್ಲ,” ಎಂದಳು ತಾಯಿ. “ಅವ ಹೋದಾಗಿಂದ ನಾ ಚಾದರ ಹೊಚ್ಕೊಂಡಿಲ್ಲಪ್ಪ. ಇವತ್ತ ಹೊಚ್ಕೋತೀನಿ.”

“ಹೊಚ್ಕೋರಿ ಕಾಕು.”

ಕಮಲಾಪುರ ಬಂತು. ಜಾಕೀಟನ್ನು ಎದೆಗವಚಿಕೊಂಡು ತಾಯಿ ಇಳಿದಳು, ಅವಳ ಕೈಹಿಡಿದು ಕುನಾಲನೂ ಇಳಿದ. ಕಾವೇರಿಯೂ ಅಲ್ಲೇ ಇಳಿಯಬೇಕಿತ್ತು. ಅವಳಿಗೆ ಏಳಲಾಗಲಿಲ್ಲ.